ಅಕ್ಕೋರು ಹೇಳುತ್ತಿದ್ದ ಅವ್ವ

ಅಕ್ಕೋರ ಬಲಗೈ ಹೆಬ್ಬೆರಳಿಗೆ ಉಗುರು ಅರ್ಧ ಮಾತ್ರ ಇತ್ತು. ಉಳಿದರ್ಧದಲ್ಲಿ ಚರ್ಮ ಗಟ್ಟಿಯಾಗಿ, ಹುರಿದ ಕಡಲೆಯ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ಜೂನ್ ತಿಂಗಳಲ್ಲಿ ಶಾಲೆ ಶುರುವಾದ ದಿನ ಐದನೆಯ ತರಗತಿಗೆ ಬಂದವರೇ ಹಾಜರಿ ಕೂಡ ಕರೆಯದೆ ಆ ಹೆಬ್ಬೆರಳನ್ನು ಮೇಲೆತ್ತಿ, ಇದು ಹೇಗಾಯಿತು ಹೇಳಿ ನೋಡೋಣ ಎಂದು ಮರಾಠಿಯಲ್ಲಿ ಕೇಳುತ್ತಿದ್ದರು. ಬಾಗಿಲಿಗೆ ಸಿಕ್ಕಿತು ಎಂದು ಒಬ್ಬ, ನಾಯಿ ಕಚ್ಚಿತು ಎಂದು ಇನ್ನೊಬ್ಬ, ಮಿಕ್ಸಿಯಲ್ಲಿ ಕೈ ಹಾಕಿದಿರಿ ಎಂದು ಮತ್ತೊಬ್ಬಳು. ಗದ್ದಲವೆಲ್ಲ ಮುಗಿದ ಮೇಲೆ ಅಕ್ಕೋರು, "ಈಗ ನೀವು ಮಾಡಿದ್ದೇ ಇತಿಹಾಸ. ಒಂದು ಗುರುತು ನೋಡುವುದು, ಹೇಗಾಯಿತು ಅಂತ ಕೇಳುವುದು. ಕೇಳಿದರೆ ಯಾರೂ ಹೊಡೆಯುವುದಿಲ್ಲ" ಎನ್ನುತ್ತಿದ್ದರು. ಆಮೇಲೆ ಹೆಬ್ಬೆರಳಿನ ನಿಜವನ್ನೂ ಹೇಳುತ್ತಿದ್ದರು. ಚಿಕ್ಕವರಿದ್ದಾಗ ಅವ್ವನ ಜೊತೆ ಜೋಳ ಕೊಯ್ಯಲು ಹೋಗಿ ಕುಡಗೋಲು ತಾಗಿತ್ತಂತೆ.

ಅದು ಸುಳ್ಳು. ಆದರೆ ಅದು ನನಗೆ ಗೊತ್ತಾಗಲು ಬಹಳ ಕಾಲ ಬೇಕಾಯಿತು.

ನಾನು ಬೀದರ ಕಡೆಯವಳು. ಗಂಡನ ಬ್ಯಾಂಕು ನಾಸಿಕಕ್ಕೆ ವರ್ಗ ಮಾಡಿತು, ನಾವು ಡಬ್ಬಿ ಡಬರಿ ಕಟ್ಟಿಕೊಂಡು ಬಂದೆವು. ತ್ರ್ಯಂಬಕ ರಸ್ತೆಯ ಒಂದು ಶಾಲೆಗೆ ಮಗಳನ್ನು ಹಾಕಿದೆವು. ಮೊದಲ ವಾರ ಗೇಟಿನ ಹೊರಗೆ ನಿಂತಿದ್ದಾಗ ಒಳಗಿನಿಂದ ಒಂದು ದನಿ, "ಏ ಮಂಗ್ಯಾ, ಗ್ವಾಡಿ ಮ್ಯಾಲಿಂದ ಇಳಿ, ಬಿದ್ದರ ನಿಮ್ಮಪ್ಪಗ ಏನು ಹೇಳಲಿ?" ಎಂದಿತು. ಹುಡುಗನಿಗೆ ಒಂದು ಅಕ್ಷರ ತಿಳಿಯಲಿಲ್ಲ, ಆದರೂ ಇಳಿದ. ನನಗೆ ಕಣ್ಣಲ್ಲಿ ನೀರೇ ಬಂತು. ಮೂರು ತಿಂಗಳಿಂದ ಮನೆಯ ಹೊರಗೆ ಕನ್ನಡ ಕೇಳಿರಲಿಲ್ಲ. ನಾಚಿಕೆ ಬಿಟ್ಟು ಒಳಗೆ ಹೋಗಿ, "ನೀವು ನಮ್ಮ ಕಡಿಯವರೇನ್ರಿ?" ಎಂದು ಕೇಳಿದೆ. ತೆಳ್ಳಗೆ, ಎತ್ತರಕ್ಕೆ, ತುರುಬಿನಲ್ಲಿ ಹೂವಿನ ಬದಲು ಸೀಮೆಸುಣ್ಣದ ತುಂಡು ಸಿಕ್ಕಿಸಿಕೊಂಡಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಲಬುರಗಿ. ನೀ?" ಎಂದರು. ನಮ್ಮ ಊರಿನಲ್ಲಿ ಹೆಣ್ಣು ಟೀಚರಿಗೆ ಅಕ್ಕೋರು ಎನ್ನುವುದು ರೂಢಿ. ಅಂದಿನಿಂದ ಅವರು ನನಗೆ ಅಕ್ಕೋರು, ನಾನು ಅವರಿಗೆ ತಂಗಿ. ಅವರ ಯಜಮಾನರು ಕೇಂದ್ರ ಸರ್ಕಾರದ ನೌಕರಿಯಲ್ಲಿ ಬಂದವರು, ಇಲ್ಲಿಯೇ ಮನೆ ಮಾಡಿ ನಿಂತಿದ್ದರು.

ಅವರು ಇತಿಹಾಸ ಕಲಿಸುತ್ತಿದ್ದರು. ಆದರೆ ರಾಜರ ಮೇಲೆ ಅವರಿಗೆ ಅಷ್ಟೇನೂ ಪ್ರೀತಿ ಇರಲಿಲ್ಲ. "ಇಷ್ಟು ಸೈನ್ಯ ತಗೊಂಡು ಹೋದ ಅಂತ ಬರದಾರ. ಅಷ್ಟು ಮಂದಿ ಬುತ್ತಿಗೆ ಜ್ವಾಳ ಯಾರು ಬಿತ್ತಿದರು, ಬರದಾರೇನು?" ಎಂದು ಪುಸ್ತಕವನ್ನು ಮೇಜಿನ ಮೇಲೆ ಟಪ್ಪೆಂದು ಹಾಕುವರು. ಪುಸ್ತಕದಲ್ಲಿ ಒಕ್ಕಲುತನದ ಇತಿಹಾಸಕ್ಕೆ ಒಂದೂವರೆ ಪುಟ. ಕಲ್ಲಿನ ಗುದ್ದಲಿ ಹಿಡಿದ ಆದಿಮಾನವ, ಆಮೇಲೆ ನೇಗಿಲು, ಆಮೇಲೆ ಒಮ್ಮೆಲೇ ಟ್ರ್ಯಾಕ್ಟರು. ಅಕ್ಕೋರು ಆ ಒಂದೂವರೆ ಪುಟವನ್ನು ಇಡೀ ಮಳೆಗಾಲ ಎಳೆಯುತ್ತಿದ್ದರು. ಮಕ್ಕಳ ಕಣ್ಣು ಕಟ್ಟಿ ಬೊಗಸೆಗೆ ಕಾಳು ಸುರಿದು ಯಾವುದೆಂದು ಕೇಳುವರು. ಬಾವಿಯಿಂದ ನೀರು ಎತ್ತುತ್ತಿದ್ದ ಚರ್ಮದ ಚೀಲದ ಭಾರ ತಿಳಿಯಲೆಂದು ಇಬ್ಬಿಬ್ಬರಿಂದ ತುಂಬಿದ ಕೊಡ ಹಗ್ಗದಲ್ಲಿ ಜಗ್ಗಿಸುವರು. ಈರುಳ್ಳಿ ಲಾಸಲಗಾಂವ್‌ದಲ್ಲಿ ತಯಾರಾಗುತ್ತದೆ ಎಂದು ಒಬ್ಬ ಹುಡುಗ ಪರೀಕ್ಷೆಯಲ್ಲಿ ಬರೆದಿದ್ದಕ್ಕೆ ನಗದೆ, ಇಡೀ ತರಗತಿಯನ್ನು ಬಸ್ಸಿಗೆ ಹತ್ತಿಸಿ ಅಲ್ಲಿನ ದೊಡ್ಡ ಈರುಳ್ಳಿ ಮಾರುಕಟ್ಟೆಗೆ ಕರೆದುಕೊಂಡು ಹೋದರು. ಮೂಟೆ ಹೊರುವವರನ್ನು, ಈರುಳ್ಳಿ ಆರಿಸುವ ಹೆಂಗಸರನ್ನು ಒಬ್ಬೊಬ್ಬರನ್ನೇ ಮಾತಾಡಿಸಿ, ನಿಮ್ಮೂರು ಯಾವುದು, ಅಲ್ಲಿ ನಿಮ್ಮಜ್ಜ ಏನು ಬೆಳೆಯುತ್ತಿದ್ದ ಎಂದು ಮಕ್ಕಳಿಂದಲೇ ಕೇಳಿಸಿದರು. ತಿರುಗಿ ಬರುವಾಗ ಮಕ್ಕಳ ಮೈಯೆಲ್ಲ ಈರುಳ್ಳಿ ನಾತ, ಬಾಯಲ್ಲಿ ಇಪ್ಪತ್ತು ಊರುಗಳ ಹೆಸರು.

ನನ್ನನ್ನು ಮನೆಯಿಂದ ಹೊರಗೆ ಎಳೆದವರೂ ಅವರೇ. ನಾನು ಇತಿಹಾಸ ತೆಗೆದುಕೊಂಡು ಬಿ.ಎ. ಮುಗಿಸಿ, ಆ ಸರ್ಟಿಫಿಕೇಟನ್ನು ಸೀರೆಗಳ ಕೆಳಗೆ ಇಟ್ಟು ರೊಟ್ಟಿ ಬಡಿಯುತ್ತ ಕೂತಿದ್ದೆ. ಒಂದು ಸಂಜೆ ಮನೆಗೆ ಬಂದು ನನ್ನ ಗಂಡನ ಎದುರು ಕುರ್ಚಿ ಹಾಕಿಕೊಂಡು ಕೂತು, "ಸಾಹೇಬ್ರ, ನಿಮ್ಮ ಬ್ಯಾಂಕಿನಾಗ ಇಟ್ಟಿದ್ದು ಬೆಳಿತದ. ಇಕಿನ್ನ ಇಲ್ಲಿ ಅಡಿಗಿ ಮನ್ಯಾಗ ಇಟ್ಟೀರಿ, ಏನು ಬೆಳಿತದ?" ಎಂದು ಕೇಳಿದರು. ನನ್ನ ಗಂಡ ಜಾಣರು, ನಕ್ಕು ಒಪ್ಪಿಕೊಂಡರು. ಮೊದಲು ಶಾಲೆಯಲ್ಲಿ ಸಹಾಯಕಿಯಾದೆ, ಆಮೇಲೆ ಬಿ.ಎಡ್. ಮಾಡಿದೆ. ಪರೀಕ್ಷೆಯ ವಾರ ನನ್ನ ಮಗಳಿಗೆ ಊಟ ಹಾಕಿ, ಜಡೆ ಹಾಕಿ ಕಳಿಸಿದವರು ಅಕ್ಕೋರು. ಇವತ್ತು ನನ್ನ ಹೆಸರಿನ ಹಿಂದೆ ಟೀಚರ್ ಎಂಬ ಮಾತು ಇದ್ದರೆ ಅದು ಅವರು ಕೊಟ್ಟದ್ದು. ಮುಂದೆ ಹೇಳುವುದನ್ನು ಓದುವಾಗ ಇದನ್ನು ದಯವಿಟ್ಟು ಮರೆಯಬಾರದು. ನಾನೂ ಮರೆತಿಲ್ಲ, ಮರೆಯಲು ಸಾಧ್ಯವಾಗಿದ್ದರೆ ಸುಖವಾಗಿ ಇರುತ್ತಿದ್ದೆ.

ನನ್ನ ಅವ್ವ ಊರಿನಿಂದ ನಮ್ಮಲ್ಲಿಗೆ ಬಂದು ಉಳಿದದ್ದು ಆ ಹೊತ್ತಿಗೆ. ನಾಸಿಕ ಅವಳಿಗೆ ಸೇರಲಿಲ್ಲ. ದ್ರಾಕ್ಷಿ ಹೊಲ ನೋಡಿ, "ಇದೇನು ಹೊಲಕ್ಕ ಚಪ್ಪರ ಹಾಕ್ಯಾರ?" ಎಂದಳು. ಮೊಮ್ಮಗಳ ಜೊತೆ ಮಾತು ಸಾಗುತ್ತಿರಲಿಲ್ಲ. ನನ್ನ ಮಗಳಿಗೆ ಕನ್ನಡ ತಿಳಿಯುತ್ತಿತ್ತು, ಆಡಲು ಸೋಮಾರಿತನ. ಅಜ್ಜಿ ಒಂದು ಮಾತು ಕೇಳಿದರೆ ಮರಾಠಿಯಲ್ಲಿ ಅರ್ಧ ಉತ್ತರ ಕೊಟ್ಟು ಓಡುತ್ತಿದ್ದಳು. ಹೀಗಾಗಿ ಭಾನುವಾರ ಅಕ್ಕೋರು ಬಂದರೆ ಅವ್ವನಿಗೆ ಹಬ್ಬ. ಅಡುಗೆಮನೆಯ ನೆಲದ ಮೇಲೆ ಇಬ್ಬರೂ ಕಾಲು ಚಾಚಿ ಕೂತು, ನಡುವೆ ಶೇಂಗಾ ಸುರಿದುಕೊಂಡು, ಸುಲಿಯುತ್ತ ಮಾತಾಡುವರು. ಅಕ್ಕೋರಿಗೆ ಕೇಳುವ ಕಲೆ ಗೊತ್ತಿತ್ತು. ಮಾತಿನ ನಡುವೆ ಬಾಯಿ ಹಾಕುತ್ತಿರಲಿಲ್ಲ, ಹ್ಞೂಂಗುಟ್ಟುತ್ತಲೂ ಇರಲಿಲ್ಲ. ಮುಖವನ್ನು ಮುಂದೆ ಚಾಚಿ ಸುಮ್ಮನೆ ಕೂರುವರು. ಎದುರಿನವರಿಗೆ ತಾವೇ ಎಲ್ಲ ಹೇಳಬೇಕೆನಿಸುತ್ತಿತ್ತು.

ಅಂಥ ಒಂದು ಭಾನುವಾರ ಅವ್ವ ತನ್ನ ಬಿತ್ತಿಗೆಯ ಕಥೆ ಹೇಳಿದಳು. ನನಗೂ ಅದು ತುಂಡು ತುಂಡಾಗಿ ಮಾತ್ರ ಗೊತ್ತಿತ್ತು.

ನಮ್ಮ ಕಡೆ ಕೂರಿಗೆ ಹೂಡುವುದೆಂದರೆ ಇಬ್ಬರ ಕೆಲಸ. ಗಂಡಸು ಎತ್ತು ಹೊಡೆಯುತ್ತಾನೆ, ಹೆಂಗಸು ಉಡಿಯಲ್ಲಿ ಬೀಜ ಕಟ್ಟಿಕೊಂಡು ಹಿಂದೆ ನಡೆಯುತ್ತ ಕೂರಿಗೆಯ ಬಟ್ಟಲಿಗೆ ಹಿಡಿ ಹಿಡಿಯಾಗಿ ಕಾಳು ಬಿಡುತ್ತಾಳೆ. ಮೊದಲ ಹಿಡಿ ಮುತ್ತೈದೆಯ ಕೈಯಿಂದ ಬೀಳಬೇಕು. ಗಂಡ ಸತ್ತವಳು ಬಟ್ಟಲು ಮುಟ್ಟಬಾರದು. ಮುಟ್ಟಿದರೆ ಹೊಲ ಬರಡಾಗುತ್ತದೆಂದು ನಂಬಿಕೆ. ನನ್ನ ಅಪ್ಪ ಜ್ವರ ಬಂದು ತೀರಿಕೊಂಡದ್ದು ಹಿಂಗಾರಿ ಬಿತ್ತಿಗೆಗೆ ಸ್ವಲ್ಪ ಮುಂಚೆ. ಅಪ್ಪನ ತಮ್ಮ, ನೀನು ಹೊಲಕ್ಕೆ ಬರಬೇಡ, ನನ್ನ ಹೆಂಡತಿ ಬಿತ್ತುತ್ತಾಳೆ ಎಂದ. ಎಂದವನು ತನ್ನ ಹೊಲ ಬಿತ್ತಿದ, ಮಾವನ ಹೊಲ ಬಿತ್ತಿದ, ಇವತ್ತು ನಾಳೆ ಎನ್ನುತ್ತ ಅವ್ವನ ಹೊಲವನ್ನು ಹಾಗೇ ಬಿಟ್ಟ. ನೆಲದ ಹಸಿ ಆರುತ್ತ ಬಂತು. ಒಂದು ಬೆಳಿಗ್ಗೆ ಅವ್ವ ನನ್ನನ್ನು ಜಾಲಿ ಗಿಡದ ಕೆಳಗೆ ಕೂರಿಸಿ, ಎತ್ತಿನ ಹಗ್ಗವನ್ನು ತನ್ನ ನಡುವಿಗೆ ಕಟ್ಟಿಕೊಂಡು, ಒಂದು ಕೈಯಲ್ಲಿ ಕೂರಿಗೆ ಒತ್ತಿ, ಇನ್ನೊಂದು ಕೈಯಿಂದ ಬಟ್ಟಲಿಗೆ ಕಾಳು ಬಿಡುತ್ತ ಹೊರಟಳು. ಜನ ಬದುವಿನ ಮೇಲೆ ನಿಂತು ನೋಡಿದರು. ಒಬ್ಬರೂ ಬಂದು ಎತ್ತಿನ ಹಗ್ಗ ಹಿಡಿಯಲಿಲ್ಲ. ಸಾಲು ಸೊಟ್ಟ ಸೊಟ್ಟ ಬಂದವು. ಕುಡಿದು ಬಿತ್ತಿದಳೇನೋ ಎಂದು ಊರೆಲ್ಲ ನಕ್ಕಿತು. ಜೋಳ ಮಾತ್ರ ಸೊಟ್ಟ ಸಾಲಿನಲ್ಲೇ ಎದೆಮಟ್ಟ ಎದ್ದು ನಿಂತಿತು.

ಅವ್ವ ಇದನ್ನು ಅಳದೆ, ಹೆಮ್ಮೆಪಡದೆ, ಯಾವತ್ತೋ ಮಾಡಿದ ಅಡುಗೆ ಹೇಳುವಂತೆ ಹೇಳಿದಳು. ಎದ್ದು ನಿಂತು ಮುಷ್ಟಿ ಹೇಗೆ ಹಿಡಿಯಬೇಕು, ಕಿರುಬೆರಳು ಎಷ್ಟು ಸಡಿಲ ಬಿಡಬೇಕು ಎಂದು ತೋರಿಸಿದಳು. ಅಕ್ಕೋರು ಕಣ್ಣು ಒರೆಸಿಕೊಂಡರು.

"ಅವ್ವಾರ, ಇದನ್ನ ನನ್ನ ಮಕ್ಕಳಿಗಿ ಹೇಳಲೇನು?"

"ಹೇಳ್ರಿ. ನನ್ನ ಹಂತ್ಯಾಕ ಇಟ್ಟು ನಾ ಏನು ಮಾಡಲಿ? ಆದರ ಇದ್ದಂಗ ಹೇಳ್ರಿ."

"ಇದ್ದಂಗೇ ಹೇಳತೀನಿ" ಎಂದು ಅಕ್ಕೋರು ಅವ್ವನ ಕೈ ಮುಟ್ಟಿ ಮಾತು ಕೊಟ್ಟರು. ನಾನು ಒಲೆಯ ಹತ್ತಿರ ನಿಂತು ನೋಡಿದೆ.

ಮರುವರ್ಷ ನನ್ನ ಮಗಳು ಐದನೆಯ ತರಗತಿಗೆ ಬಂದಳು. ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಬೂಟು ಕೂಡ ಬಿಚ್ಚದೆ ಒಳಗೆ ಓಡಿ ಬಂದು ಅವ್ವನ ಮುಂದೆ ಕೂತಳು. ಅಜ್ಜಿಯ ಎದುರು ತಾನಾಗಿ ಬಂದು ಕೂತದ್ದು ಅದೇ ಮೊದಲು. "ಅಜ್ಜಿ, ಐಕ್ ನಾ. ನಮ್ಮ ಟೀಚರದು ಆಯಿ ಇದ್ದರಲಾ, ಅವರು ಶೇತಿ ಮಾಡತಿದ್ದರು" ಎಂದು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಶುರು ಮಾಡಿದಳು, ಟೀಚರ ಅವ್ವ ಒಕ್ಕಲುತನ ಮಾಡುತ್ತಿದ್ದ ಕಥೆಯನ್ನು. ಉಡಿ, ಬಟ್ಟಲು, ಜಾಲಿ ಗಿಡದ ಕೆಳಗಿನ ಪುಟ್ಟ ಹುಡುಗಿ. ಎದ್ದು ನಿಂತು ಮುಷ್ಟಿ ಹಿಡಿದು ತೋರಿಸಿದಳು, ಕಿರುಬೆರಳು ಸಡಿಲ ಬಿಟ್ಟು. ನಾನು ಕೈಯಲ್ಲಿ ಹಿಟ್ಟು ಹಿಡಿದುಕೊಂಡು ಬಾಗಿಲಲ್ಲಿ ನಿಂತುಬಿಟ್ಟೆ.

ಅವ್ವ ಎಲ್ಲ ಕೇಳಿದಳು. ಆಮೇಲೆ ಮೆಲ್ಲಗೆ, "ಮತ್ತ ಎತ್ತು ಯಾರು ಹೊಡಿತಿದ್ದರು?" ಎಂದಳು.

"ಟೀಚರ್ದು ಬಾಬಾ. ಇಬ್ಬರೂ ಗಾಣಂ ಮ್ಹಣತ ಮ್ಹಣತ. ಲೈನ್ ಏಕದಮ್ ಸರಳ, ಅಜ್ಜಿ! ನನ್ನ ನೋಟ್‌ಬುಕ್ ಹಂಗ."

ಟೀಚರ ಅಪ್ಪನಂತೆ, ಇಬ್ಬರೂ ಹಾಡು ಹೇಳುತ್ತ ಹೇಳುತ್ತ. ಸಾಲು ನೆಟ್ಟಗೆ, ಗೆರೆ ಎಳೆದ ವಹಿಯ ಹಾಗೆ. ಅವ್ವ ಮೊಮ್ಮಗಳ ತಲೆ ಸವರಿ, "ಛಲೋ ಹೆಣ್ಮಗಳದಾಳ" ಎಂದಳು. "ಹೋಗು, ಕೈಕಾಲು ತೊಳಕೋ." ಮಗಳು ಹೋದ ಮೇಲೆ ನನ್ನ ಕಡೆ ತಿರುಗಿದಳು. ನನಗೆ ವಿಪರೀತ ಸಿಟ್ಟು ಬಂದಿತ್ತು. ಅವ್ವ ಸಿಟ್ಟಾಗಿರಲಿಲ್ಲ, ಏನೋ ಕಳೆದುಕೊಂಡವರಂತೆ ನೆಲ ನೋಡುತ್ತಿದ್ದಳು. "ಕಥಿ ಒಯ್ದರ ಒಯ್ಯಲಿ ಬಿಡು" ಎಂದಳು. "ಆದರ ನಾ ಒಬ್ಬಾಕಿನೇ ಬಿತ್ತಿದ್ದೆನಲ್ಲ. ಅದನ್ಯಾಕ ತೆಗದರು?"

ಮರುದಿನ ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ಅಕ್ಕೋರನ್ನು ಹಿಡಿದೆ. ನಿರಾಕರಿಸುತ್ತಾರೆ, ಜಗಳವಾಡುತ್ತಾರೆ ಎಂದುಕೊಂಡಿದ್ದೆ. ಅವರು ಬೆಂಚಿನ ಮೇಲೆ ಕುಸಿದು ಕೂತರು.

"ನಾ ಹೊಲ ನೋಡಿದಾಕಿ ಅಲ್ಲ ತಂಗಿ" ಎಂದರು. "ನಮ್ಮಪ್ಪಂದು ಕಲಬುರಗಿ ಬಜಾರದಾಗ ಬ್ಯಾಳಿ ಅಂಗಡಿ. ನಾ ಅಂಗಡಿ ಕಟ್ಟಿ ಮ್ಯಾಲ ಬೆಳದಾಕಿ. ಈ ಉಗುರು ಸೈತ ತೂಕದ ಕಲ್ಲು ಬಿದ್ದು ಹೋದದ್ದು. ಹೋದ ವರ್ಷ ಮೊದಲು 'ಒಬ್ಬ ಹೆಣ್ಮಗಳು ಇದ್ದಳು' ಅಂತ ಚಾಲೂ ಮಾಡಿದೆ. ಹಿಂದಿನ ಬೆಂಚಿನವ ಆಕಳಿಸಿದ. ಬಾಯಿಗಿ 'ನಮ್ಮವ್ವ' ಅಂತ ಬಂತು. ಇಡೀ ಕ್ಲಾಸು ಎದ್ದು ಕೂತು ಕೇಳ್ತು."

"ಬಂತು ಅಂದ್ರಿ, ಸರಿ. ಮತ್ತ ನಮ್ಮಪ್ಪನ್ನ ಯಾಕ ಎಬ್ಬಿಸಿ ನಿಲ್ಲಿಸಿದ್ರಿ? ಸತ್ತು ಮಣ್ಣಾಗಿದ್ದ ಅಂವ."

ಅಕ್ಕೋರು ಹೇಳಿದ ಮಾತಿಗೆ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನಮ್ಮವ್ವ ಮುತ್ತೈದಿಯಾಗಿ ಹೋದಾಕಿ. ಒಮ್ಮೆ ನಮ್ಮವ್ವ ಅಂದ ಮ್ಯಾಲ, ಆಕಿನ್ನ ಗಂಡ ಇಲ್ಲದಾಕಿ ಅಂತ ಹೆಂಗ ಹೇಳಲಿ? ನಾಲಿಗಿ ಏಳಲಿಲ್ಲ."

ಅಂದರೆ ಸುಳ್ಳು ಹೇಳಲು ನಾಲಿಗೆ ಎದ್ದಿತು, ಸುಳ್ಳಿನೊಳಗೆ ಅಪಶಕುನ ನುಡಿಯಲು ಏಳಲಿಲ್ಲ! ತಮ್ಮ ಅವ್ವನ ಕುಂಕುಮ ಉಳಿಸಲು ನನ್ನ ಅವ್ವನ ಹೊಲಕ್ಕೆ ಒಬ್ಬ ಗಂಡಸನ್ನು ಇಳಿಸಿದ್ದರು. ಎಷ್ಟು ಓದಿದರೂ ನಮ್ಮ ಹೆಂಗಸರ ಹೊಟ್ಟೆಯೊಳಗೆ ಈ ಅಂಜಿಕೆ ಇದ್ದೇ ಇರುತ್ತದೆ. ನನಗೆ ಅದು ತಿಳಿಯದ್ದೇನಲ್ಲ. ಆದರೆ ಅದಕ್ಕೆ ಬೆಲೆ ತೆತ್ತವಳು ಅವ್ವ.

ನಾನು ಒಂದೇ ಮಾತು ಕೇಳಿದೆ. ಅವ್ವ ಇಲ್ಲಿ ಇರುವಾಗಲೇ, ಆ ಮಕ್ಕಳ ಎದುರು ನಿಜ ಹೇಳಬೇಕು. ಇದು ಈ ಅಜ್ಜಿಯ ಬದುಕು, ಇವಳು ಒಬ್ಬಳೇ ಬಿತ್ತಿದಳು ಎಂದು. ಅಕ್ಕೋರು ನನ್ನ ಎರಡೂ ಕೈ ಹಿಡಿದುಕೊಂಡು ಒಪ್ಪಿದರು. ದಸರೆಯ ರಜೆಗೆ ಮುಂಚೆ ಶಾಲೆಯಲ್ಲಿ ಹಳ್ಳಿಯ ಬದುಕಿನ ಪ್ರದರ್ಶನ ಇತ್ತು. ಅವತ್ತು ಅವ್ವನನ್ನು ವೇದಿಕೆಗೆ ಕರೆದು ತಾವೇ ಹೇಳುವೆನೆಂದರು. "ನಂಬು ತಂಗಿ" ಎಂದರು. ನಂಬಿದೆ.

ಅವ್ವನಿಗೆ ಹೇಳಿದಾಗ ಬೇಡ ಬೇಡ ಎಂದಳು. ಆದರೆ ಎರಡು ದಿನದ ಮೇಲೆ ನೋಡಿದರೆ ಒಬ್ಬಳೇ ಪಾತ್ರೆ ತಿಕ್ಕುತ್ತ ಏನೋ ಗೊಣಗುತ್ತಿದ್ದಾಳೆ. ಏನೆಂದು ಕೇಳಿದರೆ, "ಮೈಕಿನಾಗ ಏನಂದರೂ ಹೇಳು ಅಂದರ ಏನು ಹೇಳಲಿ ಅಂತ ನೋಡ್ಲಾಕತ್ತೀನಿ" ಎಂದಳು. ಎರಡೇ ಮಾತು ಆರಿಸಿಕೊಂಡಿದ್ದಳು. ಹೊಲ ನಂದಿತ್ತು. ಒಬ್ಬಾಕಿನೇ ಬಿತ್ತಿದೆ. ಅದನ್ನು ಮರಾಠಿಯಲ್ಲಿ ಹೇಗೆ ಅನ್ನುವುದೆಂದು ಮೊಮ್ಮಗಳಿಂದ ಕೇಳಿ ಕಲಿತಳು. ಯಾಕೆ ಕೇಳುತ್ತಿದ್ದಾಳೆಂದು ಮೊಮ್ಮಗಳಿಗೆ ಹೇಳಲಿಲ್ಲ, ವೇದಿಕೆಯ ಮೇಲೆಯೇ ತಿಳಿಯಲಿ ಎಂದಳು.

ಪ್ರದರ್ಶನದ ದಿನ ಅಂಗಳ ತುಂಬಿತ್ತು. ಬಡಿಗನಿಂದ ಮಾಡಿಸಿದ ಹೊಸ ಕೂರಿಗೆ, ಅದಕ್ಕೆ ಎತ್ತಿನ ಮುಖವಾಡ ಹಾಕಿಕೊಂಡ ಇಬ್ಬರು ಹುಡುಗರು, ಗುದ್ದಲಿ, ಮೊರ, ಬೀಸುಕಲ್ಲು. ಅವ್ವ ಇಸ್ತ್ರಿ ಮಾಡಿದ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತಳು. ಅಕ್ಕೋರು ಮೈಕು ಹಿಡಿದು ಮಾತು ಶುರು ಮಾಡಿದರು. ಮಕ್ಕಳಿಗೆ ನಮ್ಮ ಪರಂಪರೆ ತಿಳಿಯಬೇಕು, ಬಿತ್ತನೆಯ ಮೊದಲ ಹಿಡಿ ಸವಾಷ್ಣಿಯ ಕೈಯಿಂದ ಬೀಳುವುದು ನಮ್ಮ ರೀತಿ ಎಂದು ಹೇಳಿ, ಮುಖ್ಯೋಪಾಧ್ಯಾಯರ ಹೆಂಡತಿಯನ್ನು ಮುಂದೆ ಕರೆದರು. ಸವಾಷ್ಣಿ ಎಂದರೆ ಮುತ್ತೈದೆಗೆ ಮರಾಠಿ ಮಾತು, ಅವ್ವನಿಗೂ ತಿಳಿಯುತ್ತಿತ್ತು. ಆಕೆಯ ಹಣೆಗೆ ಅರಿಶಿನ ಕುಂಕುಮ ಹಚ್ಚಿದರು. ಆಕೆ ಬಟ್ಟಲಿಗೆ ಜೋಳ ಬಿಟ್ಟಳು, ಮುಷ್ಟಿಯನ್ನು ತಲೆಕೆಳಗು ಮಾಡಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಅವ್ವನ ಕೈ ತೊಡೆಯ ಮೇಲೆ ಮುಚ್ಚಿಕೊಂಡದ್ದನ್ನು ನಾನು ನೋಡಿದೆ.

ಆಮೇಲೆ ಅಕ್ಕೋರು, "ನನ್ನ ಆಯಿ" ಎಂದು ಶುರು ಮಾಡಿದರು. ಅದೇ ಹಾಡು, ಅದೇ ನೆಟ್ಟನೆಯ ಸಾಲು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಕಥೆ ಮುಗಿದ ಮೇಲೆ, ಕರ್ನಾಟಕದಿಂದ ಬಂದ ಒಬ್ಬ ರೈತ ಅಜ್ಜಿ ನಮ್ಮ ನಡುವೆ ಇದ್ದಾರೆ, ಇಂಥವರಿಂದಲೇ ದೇಶ ಉಣ್ಣುತ್ತದೆ ಎಂದು ಅವ್ವನನ್ನು ಕರೆದರು. ಶಾಲು ಹೊದಿಸಿದರು, ಕೈಗೆ ತೆಂಗಿನಕಾಯಿ ಕೊಟ್ಟರು. ಅವ್ವ ಮೈಕಿನ ಕಡೆಗೆ ಒಂದು ಹೆಜ್ಜೆ ಇಟ್ಟಳು. ಅಕ್ಕೋರು ಅವಳ ಹೆಗಲು ಹಿಡಿದು ಮೆಲ್ಲಗೆ ಮಕ್ಕಳ ಕಡೆ ತಿರುಗಿಸಿದರು. ಫೋಟೋ ತೆಗೆದರು. ಅಷ್ಟರಲ್ಲಿ ಡ್ಯಾನ್ಸಿನ ಮಕ್ಕಳು ವೇದಿಕೆಗೆ ನುಗ್ಗಿದರು.

ಆಟೋದಲ್ಲಿ ಅವ್ವ ಶಾಲು ಮಡಿಚಿ ನನ್ನ ತೊಡೆಯ ಮೇಲಿಟ್ಟಳು. "ಅಂದು ಮಂದಿ ಬದುವಿನ ಮ್ಯಾಲ ನಿಂತು ನೋಡಿದ್ದರು" ಎಂದಳು. "ಇಂದು ನನ್ನನ್ನೇ ಬದುವಿನ ಮ್ಯಾಲ ನಿಲ್ಲಿಸಿದ್ರು." ಅಷ್ಟೇ ಆಡಿದಳು. ಮುಂದಿನ ವಾರ ಊರಿಗೆ ಹೋಗುವೆನೆಂದು ಹಟ ಹಿಡಿದಳು, ಕಳಿಸಿಕೊಟ್ಟೆ. ಅದೇ ಚಳಿಗಾಲದಲ್ಲಿ ತೀರಿಕೊಂಡಳು.

ನಾನು ಊರಿನ ಕಾರ್ಯ ಮುಗಿಸಿ ಬಂದಾಗ ಅಕ್ಕೋರು ಮನೆಗೆ ಬಂದು ನನ್ನ ಪಕ್ಕ ಕೂತು ಅತ್ತರು. ಪ್ರದರ್ಶನದ ಮಾತು ಎತ್ತಲಿಲ್ಲ. ನಾನೇ ಎತ್ತಿದೆ. "ಮುಂದ ದೊಡ್ಡವರೆಲ್ಲ ಕೂತಿದ್ದರು ತಂಗಿ, ಇಷ್ಟು ವರ್ಷ ನಮ್ಮವ್ವ ಅಂದಾಕಿ ಈಗ ಅಲ್ಲ ಅಂದರ ಮಕ್ಕಳು ನನ್ನ ಯಾವ ಮಾತು ನಂಬತಾವ?" ಎಂದರು. ಇಷ್ಟು ವರ್ಷ ಏನು, ಒಂದೂವರೆ ವರ್ಷ. ನಾನು ಎದ್ದು ಒಳಗೆ ಹೋದೆ. ನನ್ನನ್ನು ಅಡುಗೆಮನೆಯಿಂದ ಎತ್ತಿ ಬೆಳಕಿಗೆ ನಿಲ್ಲಿಸಿದ ಹೆಂಗಸು ನನ್ನ ಅವ್ವನನ್ನು ಎಲ್ಲರ ಎದುರು ಕತ್ತಲೆಗೆ ತಳ್ಳಿದಳು. ನನಗೆ ಮೋಸವಾಯಿತು. ಇದಕ್ಕಿಂತ ಮೆತ್ತಗಿನ ಮಾತು ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಆಮೇಲೂ ಅದೇ ಶಾಲೆಯಲ್ಲಿ, ಅದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತು ವರ್ಷಗಳನ್ನು ಕಳೆದೆವು. ನಮಸ್ಕಾರ, ಚಹಾ, ಪರೀಕ್ಷೆಯ ಪೇಪರು, ಇಷ್ಟೇ ಮಾತು. ಮಗಳಿಗೆ ಅಜ್ಜಿ ಸತ್ತ ಮೇಲೆ ನಿಜ ಹೇಳಿದೆ. ಅವಳು ಬಹಳ ಅತ್ತಳು. ಅಷ್ಟಿದ್ದೂ ಪಾಠ ಮಾಡುವ ಹೊತ್ತಿಗೆ ನಾನು ಅಕ್ಕೋರ ತರಗತಿಯ ಕಿಟಕಿಯ ಬಳಿ ಹಾದುಹೋಗುವಾಗ ಕಾಲು ತಾವೇ ನಿಧಾನವಾಗುತ್ತಿದ್ದವು. ಅಷ್ಟು ಚೆನ್ನಾಗಿ ಕಲಿಸುವವರನ್ನು ನಾನು ಆಮೇಲೆ ಕಾಣಲಿಲ್ಲ. ಅವರು ನಿವೃತ್ತರಾದರು, ಯಜಮಾನರು ತೀರಿಹೋದ ಮೇಲೆ ಸಂಭಾಜಿನಗರದಲ್ಲಿ ಕಾರ್ಖಾನೆ ನೌಕರಿಯಲ್ಲಿದ್ದ ಮಗನ ಮನೆಗೆ ಹೋದರು. ಐದನೆಯ ತರಗತಿಯ ಆ ಪಾಠ ನನ್ನ ಪಾಲಿಗೆ ಬಂತು.

ಹೋದ ವರ್ಷ ಅವರ ಮಗ ಫೋನು ಮಾಡಿದ. ಅಮ್ಮನಿಗೆ ಹುಷಾರಿಲ್ಲ, ನಿಮ್ಮನ್ನು ಕೇಳುತ್ತಿದ್ದಾರೆ ಎಂದ. ಹೋಗಬಾರದೆಂದು ಎರಡು ದಿನ ಸುಮ್ಮನಿದ್ದೆ, ಮೂರನೆಯ ದಿನ ಬಸ್ಸು ಹತ್ತಿದೆ. ವಿಮಾನ ನಿಲ್ದಾಣದ ಹತ್ತಿರ, ಚಿಕಲಠಾಣಾದ ಕಡೆ ಮೂರನೆಯ ಮಹಡಿಯ ಮನೆ. ವಿಮಾನ ಇಳಿಯುವಾಗ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು. ಅಕ್ಕೋರು ಮಂಚದ ಮೇಲೆ ಎಷ್ಟು ಸಣ್ಣಗಾಗಿದ್ದರೆಂದರೆ ಮೊದಲು ಹಾಸಿಗೆ ಖಾಲಿ ಇದೆ ಎಂದುಕೊಂಡೆ. ದನಿ ಮಾತ್ರ ಅದೇ. ಸೊಸೆ ಚಹಾ ಇಟ್ಟು ಹೊರಗೆ ಹೋದಳು.

"ಈಗ ಆ ಪಾಠ ಯಾರು ಮಾಡತಾರ?"

"ನಾನೇ ರಿ."

"ಅವ್ವನ ಕಥಿ ಹೇಳತೀಯೇನು?"

"ಹೇಳತೀನಿ."

"ಹೆಂಗ?"

"ಇದ್ದಂಗ. ಗಂಡ ಸತ್ತಿದ್ದ. ಬಟ್ಟಲು ಮುಟ್ಟಬ್ಯಾಡ ಅಂದಿದ್ದರು. ಹಗ್ಗ ನಡಕ ಕಟಗೊಂಡು ಒಬ್ಬಾಕಿನೇ ಬಿತ್ತಿದಳು. ಸಾಲು ಸೊಟ್ಟ ಬಂದವು."

ಅಕ್ಕೋರು ನನ್ನನ್ನೇ ನೋಡಿದರು. "ಹಿಂದಿನ ಬೆಂಚಿನವರು ಆಕಳಸತಾರೇನು?"

"ಇಲ್ಲ. ಯಾರೂ ಯಾಕ ಹಗ್ಗ ಹಿಡಿಲಿಲ್ಲ ಅಂತ ಕೇಳತಾವ. ಒಂದು ಹುಡುಗ ಹೋದ ಸಲ ಸಿಟ್ಟಿಗೆದ್ದು, ನಾ ಇದ್ದಿದ್ದರ ಹಿಡಿತಿದ್ದೆ ಅಂದ."

ಅವರು ಗೋಡೆಯ ಕಡೆ ತಿರುಗಿದರು. ಬೆನ್ನು ಅಲುಗಿತು. ಅಳುತ್ತಿದ್ದಾರೆಂದು ತಿಳಿದರೂ ನಾನು ಕೈ ಚಾಚಲಿಲ್ಲ. ಗೋಡೆಗೇ ಮುಖ ಮಾಡಿಕೊಂಡು, "ಹಂಗಾದರ ಕೇಳತಿದ್ದವು" ಎಂದರು. "ಇದ್ದಂಗ ಹೇಳಿದರೂ ಕೇಳತಿದ್ದವು. ನಾ ಸುಮ್ಮ ಅಂಜಿದೆ."

ನಾನು ಹೊರಡಲು ಎದ್ದಾಗ ಸೆರಗು ಹಿಡಿದರು.

"ನಿಮ್ಮವ್ವಗ ಹೇಳು ತಂಗಿ. ನಾ ಹೇಳಿದ್ದು ತಪ್ಪಾತು ಅಂತ."

"ಅವ್ವ ಎಲ್ಲಿದ್ದಾಳ್ರಿ ಅಕ್ಕೋರ?"

"ಗೊತ್ತದ" ಎಂದರು. "ಆದರೂ ಹೇಳು."

ಆ ತಿಂಗಳೊಳಗೆ ಅಕ್ಕೋರು ತೀರಿಕೊಂಡರು. ಶಾಲೆಯಲ್ಲಿ ಮೌನ ಆಚರಿಸಿದಾಗ ಎಲ್ಲರಿಗಿಂತ ಹೆಚ್ಚು ಅತ್ತವಳು ನಾನು. ಅವರು ನನಗೆ ಕೊಟ್ಟ ಬದುಕಿಗೆ ಇವತ್ತೂ ಕೈ ಮುಗಿಯುತ್ತೇನೆ. ಆದರೆ ತಪ್ಪಾತು ಎನ್ನುವ ಆ ಒಂದು ಮಾತನ್ನು ಅವ್ವ ಉಸಿರಾಡುತ್ತಿದ್ದಾಗ, ಇಸ್ತ್ರಿ ಮಾಡಿದ ಸೀರೆಯುಟ್ಟು ಎದುರಿಗೇ ಕೂತಿದ್ದಾಗ ಹೇಳಬಹುದಿತ್ತು. ನನ್ನ ಕೈಗೆ ಯಾಕೆ ಕೊಟ್ಟರು? ಅಕ್ಕೋರ ಎದೆ ಹಗುರವಾಗಿರಬೇಕು. ಅದು ನನ್ನದಲ್ಲದ ಮಾತು, ತೆಗೆದುಕೊಳ್ಳಬೇಕಾದವಳು ಇಲ್ಲ, ಮರಳಿ ಕೊಡೋಣವೆಂದರೆ ಈಗ ಕೊಟ್ಟವರೂ ಇಲ್ಲ.